ನಳದ ಬಿಸಿನೀರು

ನನ್ನ ಎಡಗಣ್ಣಿಗೆ ಈಗ ಬೆಳಕು ಮಾತ್ರ ಕಾಣುತ್ತದೆ. ಕಿಟಕಿ ಎಲ್ಲಿದೆ ಎಂದು ಹೇಳಬಲ್ಲೆ, ಕಿಟಕಿಯಲ್ಲಿ ಯಾರು ನಿಂತಿದ್ದಾರೆಂದು ಹೇಳಲಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನನ್ನನ್ನು ಹೊಸದಾಗಿ ನೋಡುವವರು ಕಣ್ಣಿನ ಮೇಲಿನ ಬಿಳಿ ಕಲೆಯನ್ನು ಕದ್ದು ನೋಡಿ, ಆಮೇಲೆ ಏನೂ ನೋಡದವರಂತೆ ಸೆರಗು ಸರಿಮಾಡಿಕೊಳ್ಳುವ ನಾಟಕ ಆಡುತ್ತಾರೆ. ನನಗೆ ಮೈ ಉರಿಯುತ್ತದೆ. ಕೇಳಿದರೆ ಹೇಳುತ್ತೇನಲ್ಲ: ಲ್ಯಾಬಿನಲ್ಲಿ ಫ್ಲಾಸ್ಕ್ ಒಡೆದು ಆಸಿಡ್ ಸಿಡಿಯಿತು. ಅಷ್ಟು ನಿಜ. ಉಳಿದ ನಿಜವನ್ನು ಒಂದು ವರ್ಷ ಯಾರಿಗೂ ಹೇಳಲಿಲ್ಲ. ಅದು ನನಗಿಂತ ಹೆಚ್ಚಾಗಿ ನನ್ನ ಜೊತೆ ಕೆಲಸ ಮಾಡುವ ಒಬ್ಬ ಹುಡುಗಿಗೆ ಸೇರಿದ್ದು. ನನ್ನ ಕಣ್ಣಲ್ಲಿ ಉಳಿದಿರುವ ಅಷ್ಟು ಬೆಳಕನ್ನು ಉಳಿಸಿದವಳು ತಾನೇ ಎಂದು ಅವಳು ನಂಬಿದ್ದಳು. ನಮ್ಮವ್ವನೂ ನಂಬಿದ್ದಳು.

ಅದಿರು ಪರೀಕ್ಷೆ ಮಾಡುವ ಸಣ್ಣ ಲ್ಯಾಬ್ ನಮ್ಮದು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಹಳೆಯ ಬಂಗಲೆ. ಹಿಂದೆ ದೊರೆಗಳು ಕುದುರೆ ಕಟ್ಟುತ್ತಿದ್ದರೆಂದು ಹೇಳುವ ಹಿತ್ತಲಿನ ಉದ್ದನೆಯ ಕೋಣೆಯಲ್ಲಿ ನಾವು ಆಸಿಡ್ ಕಾಯಿಸುತ್ತೇವೆ. ಲಾರಿಯಲ್ಲಿ ಬಂದ ಕೆಂಪು ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಹೇಳುವುದು ನಮ್ಮ ಕೆಲಸ. ಚಿಟಿಕೆ ಪುಡಿಯನ್ನು ಫ್ಲಾಸ್ಕಿಗೆ ಹಾಕಿ, ಆಸಿಡ್ ಸುರಿದು, ಹಾಟ್‌ಪ್ಲೇಟಿನ ಮೇಲೆ ಕರಗುವ ತನಕ ಕಾಯಿಸಬೇಕು. ಕರಗಿದ ಮೇಲೆ ಅದು ಕಡುಹಳದಿ. ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಹಳದಿ ಹೋಗಿ ನೀರಿನಂತಾಗುತ್ತದೆ. ಅಲ್ಲಿಂದ ಮುಂದೆ ತಡ ಮಾಡುವ ಹಾಗಿಲ್ಲ. ಬಿಸಿಯಾಗಿಯೇ ಬಿಟ್ಟರೆ ಗಾಳಿ ತಗುಲಿ ಮತ್ತೆ ಕೆಡುತ್ತದೆ, ಲೆಕ್ಕ ತಪ್ಪುತ್ತದೆ, ಗೇಟಿನ ಬಳಿ ಕಾಯುತ್ತಿರುವ ಲಾರಿಯವನು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ಬೇಗ ತಣಿಸಬೇಕು. ಗಾಜಿಗೋ, ಬೇಗ ಎನ್ನುವುದೇ ಆಗಿಬರುವುದಿಲ್ಲ. ಈ ಎರಡರ ಜಗ್ಗಾಟದಲ್ಲಿ ನಮ್ಮ ದಿನ ಹೋಗುತ್ತದೆ.

ಗಾಜು ಕಾಯಿಸುವುದನ್ನು ಯಾರು ಬೇಕಾದರೂ ಕಲಿಯುತ್ತಾರೆ. ಹೊರಮೈ ಒರೆಸಿ ಒಣಗಿಸಿ ಇಡಬೇಕು, ಶಾಖವನ್ನು ಮೆಲ್ಲಗೆ ಏರಿಸಬೇಕು, ಒಳಗಿನದು ಪೂರ್ತಿ ಬತ್ತಲು ಬಿಡಬಾರದು, ಅದರ ಮೇಲೆ ಮುಖ ಬಗ್ಗಿಸಬಾರದು. ತಣಿಸುವುದೇ ಕಷ್ಟ. ಬಿಸಿ ಫ್ಲಾಸ್ಕನ್ನು ಇಳಿಸಿದರೆ ಮೊದಲು ಒಣ ಗೋಣಿಚೀಲದ ಮಡಿಕೆಯ ಮೇಲಿಡಬೇಕು. ಬರಿಯ ಕಡಪಾ ಕಲ್ಲಿನ ಮೇಲೆ ಇಡಬಾರದು, ಕಲ್ಲು ಒದ್ದೆಯಾಗಿದ್ದರಂತೂ ದೇವರೇ ಗತಿ. ಕುದಿ ಅಡಗಿದ ಮೇಲೆ ತೊಟ್ಟಿಯ ನೀರು, ಅದೂ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ. ಬಿಸಿ ಗಾಜು ನೋಡುವುದಕ್ಕೆ ತಣ್ಣನೆಯ ಗಾಜಿನ ಹಾಗೆಯೇ ಇರುತ್ತದೆ, ಆದ್ದರಿಂದ ಎಲ್ಲವೂ ಬಿಸಿ ಎಂದೇ ತಿಳಿದು ಮುಟ್ಟಬೇಕು. ಗೀರು ಬಿದ್ದ ಫ್ಲಾಸ್ಕನ್ನು ಕಾಯಿಸಲೇಬಾರದು. ಇಷ್ಟೂ ನಮಗೆ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಲ್ಯಾಬಿನ ಒಂದೊಂದು ಫ್ಲಾಸ್ಕಿಗೂ ನಾವೇ ಗೀರು ಹಾಕುತ್ತಿದ್ದೆವು. ಒಬ್ಬರ ಸ್ಯಾಂಪಲ್ ಇನ್ನೊಬ್ಬರದಾಗಬಾರದೆಂದು ನಂಬರ್ ಕೆತ್ತುತ್ತಿದ್ದೆವು. ಪೆನ್ನಿನಲ್ಲಿ ಬರೆದರೆ ಆಸಿಡ್ ಹೊಗೆಗೆ ಅಳಿಸಿಹೋಗುತ್ತಿತ್ತು. ಕೆತ್ತಿದ್ದು ಅಳಿಯುವುದಿಲ್ಲವಲ್ಲ ಎಂದು ಖುಷಿಪಟ್ಟವರು ನಾವು.

ಚಳಿಗಾಲದಲ್ಲಿ ಇದೆಲ್ಲ ಹೇಗೋ ನಡೆಯುತ್ತಿತ್ತು. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು ನಮ್ಮ ತೊಟ್ಟಿಗೇ ಇಳಿಯುತ್ತಿತ್ತು. ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕು ಕಾದು, ಗೋಡೆಗುಂಟ ಇಳಿದ ಕಬ್ಬಿಣದ ಪೈಪು ಕಾದು, ಮಧ್ಯಾಹ್ನ ನಳ ತಿರುಗಿಸಿದರೆ ಸ್ನಾನದ ನೀರು ಬರುತ್ತಿತ್ತು. ಆ ನೀರಲ್ಲಿ ಫ್ಲಾಸ್ಕ್ ತಣಿಯುವುದು ಯಾವಾಗ? ಹೀಗಾಗಿ ಒಂದು ಬೇಸಿಗೆಯಲ್ಲಿ ಯಾರೋ ಸೋಡಾ ಅಂಗಡಿಯಿಂದ ಐಸ್ ಗಡ್ಡೆ ತಂದು ತೊಟ್ಟಿಯಲ್ಲಿ ಹಾಕಿದರು. ಫ್ಲಾಸ್ಕುಗಳು ಚಕಚಕ ತಣಿದವು. ಮಾಲೀಕರು ಮೆಚ್ಚಿಕೊಂಡರು. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಗೂ ಐಸ್. ಊರೆಲ್ಲ ಬಿಸಿಲಿಗೆ ಬೇಯುವಾಗ ನಮ್ಮ ಲ್ಯಾಬಿನಲ್ಲಿ ಗಾಜು ಥಂಡಿಗೆ ಒಡೆಯುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂದು ಫ್ಲಾಸ್ಕು ಟಪ್ಪೆಂದು ತಳ ಕಳಚಿಕೊಂಡಾಗ ನಾವು ಕಂಪನಿಯ ಮಾಲನ್ನು ಬೈದು ಸುಮ್ಮನಾಗುತ್ತಿದ್ದೆವು.

ಆ ಹುಡುಗಿ ಲ್ಯಾಬಿಗೆ ಬಂದದ್ದು ಸಿರುಗುಪ್ಪದಿಂದ. ಅವಳ ಅಪ್ಪ ಅವ್ವ ಕಂಡವರ ಗದ್ದೆಗಳಲ್ಲಿ ನಾಟಿ, ಕೊಯ್ಲು ಮಾಡುವ ಕೂಲಿಯವರು. ಆ ಮನೆಯಲ್ಲಿ ಕಾಲೇಜಿನ ಮುಖ ನೋಡಿದವಳು ಇವಳೇ ಮೊದಲು. ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ವಾರಕ್ಕೊಮ್ಮೆ ಊರಿಗೆ ಹೋಗಿಬರುವಾಗ ಅವರವ್ವ ಕಟ್ಟಿಕೊಟ್ಟ ಮೆಣಸಿನಕಾಯಿ ಚಟ್ನಿ ತರುವಳು. ಬಾಯಿಗಿಟ್ಟರೆ ಆಸಿಡ್ ಎಷ್ಟೋ ವಾಸಿ ಎನಿಸುವಂಥದ್ದು. ನಾನು ಹಾಗಂದರೆ ಬಿದ್ದು ಬಿದ್ದು ನಗುವಳು. ಕೆಲಸದಲ್ಲಿ ಚುರುಕು. ನನ್ನಂತೆ ಗೊಣಗುವ ಸ್ವಭಾವವೂ ಅವಳದಲ್ಲ.

ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಒಂದು ಅಮಾವಾಸ್ಯೆಗೆ ಅವಳನ್ನು ಮನೆಗೆ ಕರೆದುಕೊಂಡು ಹೋದೆ. ನಮ್ಮದು ವಿಭೂತಿ ಹಚ್ಚುವ ಮನೆ. ಅವ್ವ ಬೆಳಿಗ್ಗೆ ಬಸವಣ್ಣನ ಗುಡಿಗೆ ಹೋಗಿ ಬಂದ ಮೇಲೆಯೇ ಚಹಾ ಕುಡಿಯುವವಳು. ಅವಳು ಹುಡುಗಿಯ ಊರು ಕೇಳಿದಳು, ಓಣಿ ಕೇಳಿದಳು, ಅಲ್ಲಿಗೆ ನಿಲ್ಲಿಸಿದಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ, ಮದುವೆ ಮನೆಯಲ್ಲಿ ಕುಡಿದು ಬಿಸಾಡುತ್ತಾರಲ್ಲ, ಆ ಪ್ಲಾಸ್ಟಿಕ್ ಲೋಟದಲ್ಲಿ ನೀರು ತಂದಿಟ್ಟಳು. ಹೋಳಿಗೆ ಮಾತ್ರ ಹೊಟ್ಟೆ ಬಿರಿಯುವಷ್ಟು ಬಡಿಸಿದಳು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನಿಸಿತು. ರಾತ್ರಿ ಅವ್ವನ ಜೊತೆ ಜಗಳವಾಡಿದೆ. ಅವ್ವ ಅಂದದ್ದು ಇಷ್ಟೇ: "ನಾ ಆಕೀಗೆ ಏನರ ಕಡಿಮಿ ಮಾಡೀನೇನು?" ಆ ಹುಡುಗಿ ಮರುದಿನ ಏನೂ ಆಗಿಲ್ಲವೆಂಬಂತೆ ಲ್ಯಾಬಿಗೆ ಬಂದು, ನಮ್ಮವ್ವನ ಹೋಳಿಗೆಯನ್ನು ಹೊಗಳಿದಳು. ಅದು ನನಗೆ ಇನ್ನೂ ಹಿಂಸೆಯಾಯಿತು.

ಕಣ್ಣು ಹೋದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಮಧ್ಯಾಹ್ನದ ಊಟ ಮುಗಿದಿತ್ತು. ಕಣ್ಣಿನ ಗಾಗಲ್ಸ್ ಗೋಡೆಯ ಮೊಳೆಗೆ ನೇತುಹಾಕಿದ್ದೆ. ಹಾಕಿಕೊಂಡರೆ ಬೆವರಿಗೆ ಮಂಜು ಕಟ್ಟಿ ಏನೂ ಕಾಣುತ್ತಿರಲಿಲ್ಲ, ಆ ತಿಂಗಳಲ್ಲಿ ಯಾರೂ ಹಾಕುತ್ತಿರಲಿಲ್ಲ. ಹಳದಿ ಹೋದ ಒಂದು ಫ್ಲಾಸ್ಕನ್ನು ಇಕ್ಕಳದಲ್ಲಿ ಹಿಡಿದು ಐಸ್ ತೇಲುತ್ತಿದ್ದ ತೊಟ್ಟಿಗೆ ಇಳಿಸಿದೆ. ಕೆತ್ತಿದ ನಂಬರಿನಿಂದ ಹಿಡಿದು ತಳದವರೆಗೆ ಒಂದು ಗೆರೆ ಓಡಿದ್ದು ಕಂಡಿತು. ಕಂಡಿತು ಎನ್ನುವಷ್ಟರಲ್ಲಿ ತಳ ಬಿದ್ದು, ಕುದಿಯುವ ಆಸಿಡ್ ತಣ್ಣೀರಿಗೆ ಸುರಿದು, ಭುಸ್ಸೆಂದು ನನ್ನ ಮುಖಕ್ಕೆ ಎದ್ದಿತು.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಮಾಡಿದೆ ಕೂಡ. ಕಣ್ಣು ಮುಚ್ಚಿಕೊಂಡೇ ಗೋಡೆ ತಡಕಾಡಿ ನಳ ಹಿಡಿದೆ, ತಿರುಗಿಸಿ ಮುಖ ಕೊಟ್ಟೆ. ಕೊಟ್ಟು ಕಿರುಚಿದೆ. ಕೆಂಡ ಒಳಗೇ ಹೊಕ್ಕಂಥ ಉರಿ ಅದು. ಅವಳು ಓಡಿಬಂದಳು. ನಳದ ನೀರಿಗೆ ಕೈ ತಗುಲಿದ್ದೇ ತಡ, ನನ್ನನ್ನು ಹಿಂದಿನಿಂದ ತಬ್ಬಿ ಹಿಡಿದಳು.

"ಅಕ್ಕ, ನಳ ಬಿಡ್ರಿ! ಕುದಿಯೋ ನೀರೈತಿ ಅದು, ಕಣ್ಣು ಬೆಂದು ಹೋಗ್ತಾವು!"

ನಾನು ಬಿಡಲಿಲ್ಲ. ಅವಳು ಒಂದೊಂದೇ ಬೆರಳು ಬಿಡಿಸಿ ನನ್ನನ್ನು ಎಳೆದಳು. ಸಿರುಗುಪ್ಪದ ಗದ್ದೆಯಲ್ಲಿ ಹುಲ್ಲಿನ ಹೊರೆ ಹೊತ್ತ ಕೈ ಅವು, ನನ್ನ ಕೈಗೆ ಎಲ್ಲಿಯ ಬಲ? ಉರಿಯುವಾಗ ಯಾರು ಎಳೆದರೆ ಅತ್ತ ಹೋಗುತ್ತದೆ ಮೈ. ವರಾಂಡದ ಕುರ್ಚಿಯಲ್ಲಿ ಕೂರಿಸಿ ಅವಳು ಕುಡಿಯುವ ನೀರಿನ ಹರವಿಗೆ ಓಡಿದಳು. ಹರವಿಯಲ್ಲಿ ತಳದಲ್ಲಷ್ಟೇ ನೀರು. ಕೊಡ ಎತ್ತಿಕೊಂಡು ಪಕ್ಕದ ಮನೆಗೆ ಓಡಿದಳು. ಅವಳ ಚಪ್ಪಲಿಯ ಸದ್ದು ದೂರ ಹೋಗುವುದನ್ನು ಕೇಳುತ್ತಾ ನಾನು ಕಣ್ಣು ಬಿಗಿಯಾಗಿ ಮುಚ್ಚಿ ಒದರುತ್ತಿದ್ದೆ. ಅವಳು ಬಂದು ತಣ್ಣನೆಯ ನೀರನ್ನು ಲೋಟದಿಂದ ಹಗುರವಾಗಿ, ಮಗುವಿಗೆ ಎರೆದಂತೆ ಎರೆದಳು. ಆಮೇಲೆ ಐಸ್ ಚೂರನ್ನು ತನ್ನ ವೇಲಿನಲ್ಲಿ ಕಟ್ಟಿ ಮುಚ್ಚಿದ ರೆಪ್ಪೆಯ ಮೇಲೆ ಒತ್ತಿ ಹಿಡಿದಳು. ಆಟೋದಲ್ಲಿ ಆಸ್ಪತ್ರೆ ಮುಟ್ಟುವ ತನಕ ಒತ್ತಿಯೇ ಹಿಡಿದಿದ್ದಳು. ಅವಳು ಅಳುತ್ತಿದ್ದಳು, ನನ್ನ ಕೆನ್ನೆಯ ಮೇಲೆ ಬಿದ್ದ ಹನಿಯಲ್ಲಿ ಅವಳದೂ ಇತ್ತು.

ಬಲಗಣ್ಣಿಗೆ ಹೆಚ್ಚೇನೂ ಆಗಿರಲಿಲ್ಲ. ಎಡಗಣ್ಣಿನ ಪಟ್ಟಿ ಬಿಚ್ಚಿ ನೋಡಿದ ದಿನ ಡಾಕ್ಟರಮ್ಮ ಕೇಳಿದರು, ಬಿದ್ದ ಕೂಡಲೇ ತೊಳೆದಿರೋ ಇಲ್ಲವೋ ಎಂದು. ಅವ್ವ ಕೆಳಗೆ ಔಷಧಿ ತರಲು ಹೋಗಿದ್ದಳು. ನಡೆದದ್ದು ಹೇಳಿದೆ. ಅವರು ಟಾರ್ಚ್ ಕೆಳಗಿಟ್ಟರು.

"ನೀರು ಬಿಸಿ ಇದ್ರೆ ಏನಮ್ಮ? ನೀವು ಕೈಯಲ್ಲಿ ಮುಟ್ಟೋ ಅಷ್ಟು ಬಿಸಿ ತಾನೇ? ಅದರ ಕೆಳಗೇ ನಿಂತು ತೊಳೀತಾ ಇದ್ದಿದ್ದರೆ ಈ ಕಣ್ಣು ಬಹಳ ಮಟ್ಟಿಗೆ ಉಳೀತಿತ್ತು. ತಣ್ಣೀರು ತರೋವರೆಗೆ ಆಸಿಡ್ ಸುಮ್ಮನೆ ಕೂತಿರುತ್ತಾ? ಮೇಲಿಂದ ರೆಪ್ಪೆ ಮುಚ್ಚಿ ಐಸ್ ಬೇರೆ."

ಅವ್ವ ಮೆಟ್ಟಿಲೇರಿ ಬರುವುದು ಕೇಳಿಸಿತು. ಅವಳ ಹಿಂದೆ ಆ ಹುಡುಗಿಯ ದನಿ. ಇಬ್ಬರೂ ಏನೋ ಮಾತಾಡುತ್ತಾ ಬರುತ್ತಿದ್ದರು. ಅವ್ವನ ಕೈಯಲ್ಲಿ ಔಷಧಿಯ ಜೊತೆ ಚಹಾದ ಫ್ಲಾಸ್ಕ್ ಇತ್ತು. ಅವ್ವ ನಮ್ಮ ಮನೆಯ ಸ್ಟೀಲಿನ ಲೋಟದಲ್ಲಿ ಮೊದಲು ಅವಳಿಗೆ ಬಗ್ಗಿಸಿ ಕೊಟ್ಟಳು. ಅವಳು ಕುಡಿದಿಟ್ಟ ಲೋಟದಲ್ಲೇ ತಾನೂ ಬಗ್ಗಿಸಿಕೊಂಡಳು. ನಾನು ಒಂದೇ ಕಣ್ಣಿನಲ್ಲಿ ಅದನ್ನು ನೋಡಿದೆ. ಡಾಕ್ಟರಮ್ಮನ ಮಾತನ್ನು ನನ್ನಲ್ಲೇ ಇಟ್ಟುಕೊಂಡೆ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವ್ವ ಅವಳನ್ನು ತಾನೇ ಮನೆಗೆ ಕರೆದಳು. ಕಟ್ಟೆಯ ಮೇಲೆ ಕೂರಲು ಹೋದವಳ ರಟ್ಟೆ ಹಿಡಿದು, "ಒಳಗ ಬಾ ತಾಯಿ, ಇಲ್ಯಾಕ ಕುಂದರ್ತಿ?" ಎಂದು ಅಡುಗೆಮನೆಗೇ ಕರೆದೊಯ್ದು ಒಲೆಯ ಪಕ್ಕ ಮಣೆ ಹಾಕಿದಳು. ಮನೆಗೆ ಬಂದ ಮಂದಿಗೆಲ್ಲ ಹೇಳಿದಳು: "ಈಕಿ ಕೈಯ ತಣ್ಣೀರು ನನ್ನ ಮಗಳ ಕಣ್ಣಿಗೆ ಬೀಳಲಿಲ್ಲಂದ್ರ, ಇಷ್ಟರ ಬೆಳಕು ಎಲ್ಲಿರ್ತಿತ್ತು?" ಮೂಗು ಮುರಿದ ನೆಂಟರಿಗೆ ಬಾಗಿಲು ತೋರಿಸುವಷ್ಟು ಜೋರು ಬಂದಿತ್ತು ಅವ್ವನಿಗೆ. ನಾನು ವರ್ಷಗಟ್ಟಲೆ ಜಗಳವಾಡಿ ಅಲುಗಿಸಲಾಗದ್ದನ್ನು ಒಂದು ಕೊಡ ನೀರು ಅಲುಗಿಸಿತ್ತು. ಆ ನೀರೇ ನನ್ನ ಕಣ್ಣು ತೆಗೆದಿತ್ತು. ಕೆಲವು ದಿನ ನನಗೆ ಇದರಿಂದ ಹುಚ್ಚು ಹಿಡಿದಂತಾಗುತ್ತಿತ್ತು. ಆ ಹುಡುಗಿಯ ಮೇಲೆ ಸಿಟ್ಟೂ ಬಂದಿದೆ, ಸುಳ್ಳು ಯಾಕೆ ಹೇಳಲಿ. ಕನ್ನಡಿಯ ಮುಂದೆ ನಿಂತಾಗ ಅವಳ ಕೈಗಳು ನೆನಪಾಗಿ ಹಲ್ಲು ಕಚ್ಚಿದ್ದೇನೆ.

ಸಿರುಗುಪ್ಪದಲ್ಲಿ ಇನ್ನೊಂದು ಬಗೆ. ಅವರ ಮನೆಗೆ ಹೋದಾಗ ಅವರವ್ವ ನನ್ನ ಗದ್ದ ಹಿಡಿದು ಮುಖ ಬೆಳಕಿಗೆ ತಿರುಗಿಸಿ ನೋಡಿದಳು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ಪದವಿಯ ಫೋಟೋ. "ನನ್ನ ಮಗಳು ಓದಿದ್ದು ದಂಡ ಆಗಲಿಲ್ಲ ನೋಡ್ರಿ, ಒಬ್ಬರ ಕಣ್ಣಿಗೆ ಬಂತು" ಎಂದಳು. ಮಧ್ಯಾಹ್ನ ಎಲ್ಲರೂ ಸೇರಿ ಕೆಂಚನಗುಡ್ಡಕ್ಕೆ ಹೋಗಿ ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅವಳು ನೀರಿಗಿಳಿದು ಬೊಗಸೆಯಲ್ಲಿ ಎತ್ತಿ, "ಅಕ್ಕ, ಎಷ್ಟು ತಣ್ಣಗೈತಿ ನೋಡ್ರಿ" ಎಂದು ನನ್ನ ಕೈಗೆ ಸುರಿದಳು. ಆ ದಿನ ಹೇಳಿಬಿಡಬೇಕೆಂದು ಹೋಗಿದ್ದೆ. ಆ ಮನೆಯವರ ಸಂತೋಷ ನೋಡಿ ಧೈರ್ಯ ಬರಲಿಲ್ಲ.

ಲ್ಯಾಬಿಗೆ ಮರಳಿದ ಮೇಲೆ ಮೊದಲು ಐಸ್ ನಿಲ್ಲಿಸಿದೆ. ಮಾಲೀಕರು ಗೊಣಗಿದರು. ನನ್ನ ಕಣ್ಣನ್ನು ಅವರ ಮುಖದ ಹತ್ತಿರ ಹಿಡಿದೆ, ಸುಮ್ಮನಾದರು. ನಂಬರ್ ಕೆತ್ತುವುದನ್ನು ಬಿಟ್ಟು, ಫ್ಲಾಸ್ಕಿನ ಕತ್ತಿಗೆ ತಗಡಿನ ಬಿಲ್ಲೆ ಕಟ್ಟತೊಡಗಿದೆವು. ಈಗ ಫ್ಲಾಸ್ಕುಗಳು ಗೋಣಿಚೀಲದ ಮೇಲೆ ಕೂತು ತಮ್ಮ ಪಾಡಿಗೆ ತಣಿಯುತ್ತವೆ, ಗಾಳಿ ತಗುಲದಂತೆ ಬಾಯಿಗೆ ಮುಚ್ಚಳ. ಲಾರಿಗಳು ಕಾಯಲಿ. ಕಣ್ಣು ತೊಳೆಯುವ ಮಾತನ್ನು ಮಾತ್ರ ಸುತ್ತಿ ಬಳಸಿ ಹೇಳಿದೆ, ಯಾವ ನೀರಾದರೂ ನಡೆಯುತ್ತದೆ ಎಂದು. ಅವಳು ನಕ್ಕು, "ಅಕ್ಕಗ ಏನ್ ಗೊತ್ತು, ಅವತ್ತು ಅವರಿಗೆ ಎಚ್ಚರನ ಇರಲಿಲ್ಲ" ಎಂದು ಉಳಿದವರಿಗೆ ಹೇಳಿದಳು.

ಈ ಬೇಸಿಗೆಯಲ್ಲಿ ಹೊಸದಾಗಿ ಒಬ್ಬ ಹುಡುಗಿ ಸೇರಿದಳು. ಕಾಲೇಜು ಮುಗಿಸಿ ನೇರ ಬಂದವಳು, ಎಲ್ಲದಕ್ಕೂ ಹೆದರುತ್ತಿದ್ದಳು. ಅವಳಿಗೆ ಕೆಲಸ ಕಲಿಸುವ ಭಾರ ಸಿರುಗುಪ್ಪದ ನನ್ನ ಗೆಳತಿಯ ಪಾಲಿಗೆ ಬಂತು. ಒಂದು ಮಧ್ಯಾಹ್ನ ನಾನು ಬ್ಯುರೆಟ್ಟಿನ ಗಾಜಿನ ಕೊಳವೆ ತೊಳೆಯುತ್ತಾ ನಿಂತಿದ್ದಾಗ ಹಿಂದಿನಿಂದ ಗೆಳತಿಯ ಮಾತು ಕಿವಿಗೆ ಬಿತ್ತು.

"ಕಣ್ಣಿಗೆ ಬಿದ್ರ ಈ ನಳದ ಹತ್ರ ಹೋಗಬ್ಯಾಡವ್ವ. ಬ್ಯಾಸಗ್ಯಾಗ ಇದು ಕುದೀತೈತಿ. ಅದಕ್ಕ ನಾ ಹೊರಗ ಹರವಿ ತುಂಬಿಸಿ ಇಟ್ಟೀನಿ. ಅಕ್ಕನ ಕಣ್ಣು ಉಳಿಸಿದ್ದು ಅದ."

ಹೊಸ ಹುಡುಗಿ ದೊಡ್ಡ ಕಣ್ಣು ಬಿಟ್ಟುಕೊಂಡು ತಲೆಯಾಡಿಸುತ್ತಿದ್ದಳು. ಎರಡೂ ಚೆನ್ನಾಗಿದ್ದ ಕಣ್ಣು. ನನಗೆ ಇನ್ನು ತಡೆಯಲಾಗಲಿಲ್ಲ.

"ಅದು ತಪ್ಪು" ಎಂದೆ. "ಕಣ್ಣಿಗೆ ಬಿದ್ರ ಈ ನಳನ. ಬಿಸಿ ಇರಲಿ, ಏನರ ಇರಲಿ. ರೆಪ್ಪಿ ಬಿಡಿಸಿ ಹಿಡಕೊಂಡು ತೊಳಕೋತ ಇರಬೇಕು. ಐಸ್ ಒತ್ತಬಾರದು. ಯಾರು ಬಂದು ಜಗ್ಗಿದ್ರೂ ನಳ ಬಿಡಬಾರದು."

ಗೆಳತಿ ನಗಲು ಹೋದಳು. "ಅಕ್ಕ, ಅವತ್ತು ಆ ನೀರು ಬಿದ್ದ ಕೂಡ್ಲೇ ನೀವು ಹೆಂಗ ಒದರಿದ್ರಿ..."

"ಆಸಿಡ್‌ಗೆ ಒದರಿದ್ದೆ. ನೀರಿಗಲ್ಲ."

ಅವಳ ಮುಖದ ನಗು ಹಾಗೆಯೇ ನಿಂತಿತು. ಹೊಸ ಹುಡುಗಿ ಏನೂ ತಿಳಿಯದೆ ನಮ್ಮಿಬ್ಬರನ್ನೂ ನೋಡಿದಳು. ನಾನು ಅವಳನ್ನು ಸ್ಯಾಂಪಲ್ ತರಲು ಕಳಿಸಿದೆ.

"ಡಾಕ್ಟರ್ ಹಂಗಂದ್ರೇನು?" ಎಂದು ಕೇಳಿದಳು ಗೆಳತಿ.

"ಹೂಂ."

"ಯಾವಾಗ?"

"ಆಸ್ಪತ್ರ್ಯಾಗ ಇದ್ದಾಗ."

ಅವಳು ನಳದ ಹತ್ತಿರ ಹೋದಳು. ತಿರುಗಿಸಿ ಅಂಗೈ ಒಡ್ಡಿದಳು. ಹೊರಗೆ ಅದೇ ಬಿಸಿಲು, ಮೇಲೆ ಅದೇ ಟ್ಯಾಂಕು. ನೀರು ಅವಳ ಕೈ ಮೇಲೆ ಬಿದ್ದು ತೊಟ್ಟಿಗೆ ಹರಿಯಿತು. ಕೈ ತೆಗೆಯಲೇ ಇಲ್ಲ ಅವಳು. ಆಮೇಲೆ ಬಗ್ಗಿ ಮುಖ ಒಡ್ಡಿದಳು, ಕಣ್ಣು ತೆರೆದುಕೊಂಡೇ. ನಾನು ಭುಜ ಹಿಡಿಯಲು ಹೋಗಿ ನಿಂತೆ. ಎದ್ದು ನಿಂತಾಗ ಕಣ್ಣು ಕೆಂಪಗಾಗಿದ್ದವು, ಕೂದಲಿನಿಂದ ನೀರು ಇಳಿಯುತ್ತಿತ್ತು.

"ತಡಕೋಬಹುದು ಅಕ್ಕ" ಎಂದಳು. "ಇದನ್ನ ತಡಕೋಬಹುದು."

ನಾನು ಅವಳನ್ನು ತಬ್ಬಿಕೊಂಡೆ. ನಿನಗೆ ಗೊತ್ತಿರಲಿಲ್ಲ, ನಿನ್ನ ತಪ್ಪಿಲ್ಲ ಎಂದೆಲ್ಲ ಅಂದೆ. ಅವು ಎಷ್ಟು ಹಗುರ ಮಾತುಗಳೆಂದು ಆಡುವಾಗಲೇ ತಿಳಿಯುತ್ತಿತ್ತು. ಅವಳು ಮರದ ಹಾಗೆ ನಿಂತಿದ್ದಳು. ಅಂದು ಸಂಜೆಯ ತನಕ ಕೆಲಸ ಮಾಡಿದಳು. ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದಳು. ಕುರುಗೋಡು ಬಸ್ಸು ನಿಂತಿತ್ತು. ನಾನು ಹತ್ತುವ ಮುಂಚೆ ಕೇಳಿದಳು.

"ಅವ್ವಗ ಗೊತ್ತೈತೇನು?"

"ಇಲ್ಲ."

"ಹೇಳಬ್ಯಾಡ್ರಿ ಅಕ್ಕ."

ನಾನು ಹೇಳಲಿಲ್ಲ. ಮುಂದಿನ ಅಮಾವಾಸ್ಯೆಗೆ ಅವ್ವ ಅವಳಿಗೆ ಫೋನ್ ಮಾಡಿ ಕರೆದಳು. ಬರಲಿಕ್ಕಿಲ್ಲ ಎಂದುಕೊಂಡಿದ್ದೆ, ಬಂದಳು. ಅಡುಗೆಮನೆಯಲ್ಲಿ ಅವಳ ಮಣೆಯ ಮೇಲೆ ಕೂತಳು. ಅವ್ವ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಅಷ್ಟರಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸೊಬ್ಬಳು ಹಾಲು ಕೇಳಲು ಬಂದಳು. ಅವ್ವನಿಗೆ ಅಷ್ಟೇ ಸಾಕು. ನಿಲ್ಲಿಸಿಕೊಂಡು ಮೊದಲಿನಿಂದ ಕಡೆಯವರೆಗೆ ಹೇಳಿದಳು: ಆಸಿಡ್ ಸಿಡಿದದ್ದು, ನಳದಲ್ಲಿ ಕುದಿಯುವ ನೀರು, ನಾನು ಬುದ್ಧಿಯಿಲ್ಲದೆ ಅದಕ್ಕೇ ಮುಖ ಕೊಟ್ಟದ್ದು, ಈ ಹುಡುಗಿ ಬಂದು ಎಳೆದದ್ದು. ನನ್ನ ಗೆಳತಿ ತಲೆ ಬಗ್ಗಿಸಿಕೊಂಡು ಹೋಳಿಗೆ ಮುರಿಯುತ್ತಿದ್ದಳು. ಮುರಿದ ಚೂರು ಬಾಯಿಗೆ ಹೋಗುತ್ತಿರಲಿಲ್ಲ. ಅವ್ವನನ್ನು ತಡೆಯಲು ನನ್ನಿಂದಾಗಲಿಲ್ಲ. ಹೆಂಗಸು ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೇಳಿ, ಆಮೇಲೆ ಗೆಳತಿಯ ಕಡೆ ತಿರುಗಿದಳು.

"ಹೌದೇನವ್ವ? ಏನ್ ಹಾಕಿ ಉಳಿಸಿದಿ?"

ಅವಳು ತಲೆಯೆತ್ತಿ ನನ್ನ ಎಡಗಣ್ಣನ್ನೇ ನೋಡಿದಳು.

"ತಣ್ಣೀರ್ರಿ" ಎಂದಳು.